11 ಅಡಿ ನೀರು, 14 ಅಡಿ ದೋಣಿ: ನಮ್ಮ ಕುಟುಂಬದ 'ಗಂಗೊಳ್ಳಿ ಮನೆ' ಗುಂಪಿನ ಚರ್ಚೆ (ಪ್ರಶಾಂತ, ಅವನ ಹೆಂಡತಿ ವಿದ್ಯಾ ಇರುವುದು ಅಮೆರಿಕದ ಮಿಷಿಗನ್‌ನಲ್ಲಿ)

ಪ್ರಶಾಂತ: [ಫಾರ್ವರ್ಡ್ ಆದದ್ದು] "ಮಿಷಿಗನ್‌ನಲ್ಲಿ ಸಣ್ಣ ದೋಣಿ ಇರುವವರಿಗೆ ಸಿಹಿ ಸುದ್ದಿ! ಸೇಂಟ್ ಕ್ಲೇರ್ ಸರೋವರದ ಸರಾಸರಿ ಆಳ ಬರೀ 11 ಅಡಿ. ಆಳ ಇಲ್ಲದ ನೀರಿನಲ್ಲಿ ಅಲೆಯ ಭಯ ಇಲ್ಲ. 14 ಅಡಿ ದೋಣಿಯಲ್ಲಿ ನಡುನೀರಿಗೆ ಹೋಗಿ ಪರ್ಚ್ ಮೀನು ಹಿಡಿಯಿರಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದ್ದರೆ ಸಾಕು. ಎಲ್ಲರಿಗೂ ಕಳಿಸಿ."

ಪ್ರಶಾಂತ: ನಾನು ಹೇಳಿದ್ದೂ ಇದೇ. ವಿದ್ಯಾ, ಓದು.

ಸುರೇಶ: ದೋಣಿ ತಗೊಂಡ್ಯಾ ಮಾರಾಯ? ಫೋಟೋ ಹಾಕು!

ಕಿರಣ್: ಬರೆದವರು ಯಾರು? ಹೆಸರಿಲ್ಲ, ತಾರೀಖಿಲ್ಲ.

ಪ್ರಶಾಂತ: ಬಾವ, 11 ಅಡಿ ನಿಜ. ಯಾವ ನಕ್ಷೆ ಬೇಕಾದರೂ ನೋಡಿ.

ಕಿರಣ್: ಆಳ ಸರಿ ಇರಬಹುದು. ಅಲೆಯ ಭಯ ಇಲ್ಲ ಅಂತ ಹೇಳಿದ್ದು ಯಾರು?

ರಘು: ಕಿರಣ್ ಅವರೇ, ಯಾರು ಏನು ಹಾಕಿದರೂ ನಿಮಗೆ ಸಾಕ್ಷಿ ಬೇಕು. ನಾನು ಬೆಲ್ಲದ ವಿಷಯ ಹಾಕಿದಾಗಲೂ ಎಲ್ಲರ ಮುಂದೆ ಹೀಗೇ ಮಾಡಿದಿರಿ.

ಕಿರಣ್: ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಅಂತ ಹಾಕಿದ್ದಿರಿ ಮಾವ. ಅತ್ತೆ ಅದನ್ನು ನಂಬಿ ತಿಂದರು. ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು.

ನಾರಾಯಣ: ಇಬ್ಬರೂ ಸುಮ್ಮನಿರಿ. ನೀರಿನ ಮುಂದೆ ಧೈರ್ಯ ತೋರಿಸಬಾರದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಕೆಟ್ಟಿರುತ್ತದೆ. ಅನುಭವ ಇದ್ದವರೇ ಕಾಯುತ್ತಾರೆ. ಈಗಿನವರಿಗೆ ಕಾಯಲು ಬರುವುದಿಲ್ಲ.

ಸುರೇಶ: ದೊಡ್ಡಪ್ಪಯ್ಯ, ಅಜ್ಜಯ್ಯನ ದೋಣಿ ನೆನಪಾಯಿತು. ಪಂಚಗಂಗಾವಳಿ ನದಿಯಲ್ಲಿ ಸಿಗಡಿ ಸಿಕ್ಕಿಸಿ ಗಾಳ ಬಿಟ್ಟರೆ ಕಾಣೆ ಮೀನು ಬರುತ್ತಿತ್ತು. ಮನೆಗೆ ತಂದು ಅಜ್ಜಿ ಕಾವಲಿ ಮೇಲೆ ಹಾಕಿದರೆ ಬೀದಿಗೆಲ್ಲ ಘಮ. ನದಿ ಕಡಲು ಸೇರುವ ಅಳಿವೆ ಕಡೆ ಮಾತ್ರ ಅಜ್ಜಯ್ಯ ನಮ್ಮನ್ನು ಬಿಡುತ್ತಿರಲಿಲ್ಲ. ಅಲ್ಲಿ ಮರಳು ತುಂಬಿ ಆಳವೇ ಇರಲಿಲ್ಲ, ಆದರೂ ಅಲೆ ಎದ್ದು ಒಡೆಯುತ್ತಿತ್ತು. ಆ ದೋಣಿ ಈಗ ಇರಬೇಕಿತ್ತು!

ಶಾರದಾ: ದೋಣಿ ಎಲ್ಲಿ ಹೋಯಿತು ಅಂತ ರಘುವನ್ನು ಕೇಳು.

ರಘು: ಅಕ್ಕ, ಈಗ ಅದು ಯಾಕೆ?

ಶಾರದಾ: ನನಗೆ ಗೊತ್ತಾಗಿದ್ದು ಮಾರಿದ ಮೇಲೆ. ಅದಕ್ಕೆ.

ವಿದ್ಯಾ: ಒಂದು ನಿಮಿಷ. ಸುರೇಶ ಬಾವ ಹೇಳಿದ್ದನ್ನು ಯಾರೂ ಓದಲಿಲ್ಲ ಅಲ್ವಾ? ಅಳಿವೆಯಲ್ಲಿ ಅಲೆ ಒಡೆಯುವುದೇ ಆಳ ಇಲ್ಲದ್ದಕ್ಕೆ. ಇಲ್ಲಿಯೂ ಅದೇ ಕತೆ. ಸೇಂಟ್ ಕ್ಲೇರ್ ಸುಮಾರು 1,100 ಚದರ ಕಿ.ಮೀ. ಇದೆ. ಗಾಳಿಗೆ ತಡೆಯೇ ಇಲ್ಲ. ಆಳ ಕಡಿಮೆ, ಹಾಗಾಗಿ ಅಲೆ ಕಡಲಿನಷ್ಟು ಎತ್ತರಕ್ಕೆ ಬೆಳೆಯುವುದಿಲ್ಲ, ಒಪ್ಪುತ್ತೇನೆ. ಆದರೆ ಬೇಗ ಏಳುತ್ತದೆ, ಕಡಿದಾಗಿರುತ್ತದೆ, ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಸಣ್ಣ ದೋಣಿಯ ಮೂತಿ ಒಂದು ಅಲೆ ಇಳಿಯುವಷ್ಟರಲ್ಲಿ ಮುಂದಿನದಕ್ಕೆ ನುಗ್ಗುತ್ತದೆ. ಮೂರಡಿ ಅಲೆ ಸಾಕು, ನೀರು ಒಳಗೆ ಬರುತ್ತದೆ. ಈರಿ ಸರೋವರದ ಪಶ್ಚಿಮ ಭಾಗಕ್ಕೂ ಇದಕ್ಕೇ ಕೆಟ್ಟ ಹೆಸರು. ಐದು ಮಹಾಸರೋವರಗಳಲ್ಲಿ ಆಳ ಕಡಿಮೆ ಇರುವುದು ಈರಿಯೇ.

ಪ್ರಶಾಂತ: ಗಾಳಿ ಇರುವ ದಿನ ನಾನು ಹೋಗುತ್ತೇನಾ?

ವಿದ್ಯಾ: ಹೊರಡುವಾಗ ಇರುವುದಿಲ್ಲ. ಮಧ್ಯಾಹ್ನ ಎದ್ದರೆ? ದಡದಿಂದ ಐದಾರು ಮೈಲಿ ದೂರ ಇರುತ್ತೀರಿ. ಜಾಕೆಟ್ ಸೀಟಿನ ಕೆಳಗೆ ಅನ್ನುವುದನ್ನಂತೂ ನಾನು ಒಪ್ಪುವುದೇ ಇಲ್ಲ. ಏಪ್ರಿಲ್, ಮೇ ನೀರು ಕೊರೆಯುತ್ತದೆ. ಬಿದ್ದ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಆಗ ಜಾಕೆಟ್ ಹುಡುಕಿ ಹಾಕಿಕೊಳ್ಳುತ್ತೀರಾ? ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಲೆಕ್ಕ ಕೊಡುತ್ತದೆ. ದೋಣಿ ಅಪಘಾತದಲ್ಲಿ ಮುಳುಗಿ ಹೋದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಜನ ಜಾಕೆಟ್ ಹಾಕಿರಲಿಲ್ಲ. ಮಿಷಿಗನ್ ಕಾನೂನಿನಲ್ಲಿ 6 ವರ್ಷದ ಒಳಗಿನ ಮಗು ತೆರೆದ ದೋಣಿಯಲ್ಲಿ ಅದನ್ನು ಹಾಕಿಕೊಂಡೇ ಇರಬೇಕು. ನಮ್ಮ ಪುಟ್ಟನಿಗೆ 5.

ಕಿರಣ್: ಎಲ್ಲಿಂದ ಬಂದ ಮಾತು ಅಂತ ಹೇಳಿ ಮಾತಾಡುವುದು ಅಂದರೆ ಇದು.

ರಘು: ಅವಳು ಹೇಳಿದರೆ ಸರಿ. ನಾನು ಹೇಳಿದರೆ ಬೆಲ್ಲ.

ನಾರಾಯಣ: ಪ್ರಶಾಂತ, ಹೆಂಡತಿಯ ಮಾತು ಕೇಳು. ಮಗುವನ್ನು ಮನೆಯಲ್ಲಿ ಬಿಟ್ಟು ಹೋಗು.

ವಿದ್ಯಾ: ಬಿಟ್ಟು ಹೋಗುವುದು ಬೇಡ ದೊಡ್ಡ ಮಾವ. ಅವನಿಗೂ ಗಾಳ ಹಾಕುವ ಆಸೆ. ಸಣ್ಣ ಮೀನಿಗೆ ನಡುನೀರಿಗೆ ಹೋಗುವ ಅಗತ್ಯವೇ ಇಲ್ಲ. ಮೇ ಕೊನೆಗೆ ನೀರು 20 ಡಿಗ್ರಿ ಹತ್ತಿರ ಬಂದರೆ ಬ್ಲೂಗಿಲ್ ಅನ್ನುವ ಸಣ್ಣ ಮೀನು ತಾನಾಗಿ ದಡಕ್ಕೆ ಬರುತ್ತದೆ. ಸೇಂಟ್ ಕ್ಲೇರ್‌ನ ಆಂಕರ್ ಬೇ ಕೊಲ್ಲಿ ಕಡೆ ಜೊಂಡಿನ ಅಂಚು, ಮನೆಗಳ ಹಿಂದಿನ ಕಾಲುವೆ, ದೋಣಿ ಕಟ್ಟುವ ಜಾಗ, ಅಲ್ಲೆಲ್ಲ ಸಿಗುತ್ತದೆ. ಒಂದು ಬೆಂಡು, ಸಣ್ಣ ಗಾಳ, ಎರೆಹುಳು ಸಾಕು. ಪರ್ಚ್ ಬೇಕೇ ಬೇಕು ಅಂದರೆ ಸೆಪ್ಟೆಂಬರ್‌ನಲ್ಲಿ ಈರಿಗೆ ಹೋಗಿ ದೊಡ್ಡ ಬಾಡಿಗೆ ದೋಣಿ ಹತ್ತೋಣ.

ನಾರಾಯಣ: ಮೇ, ಜೂನ್ ಅಂದರೆ ಅಲ್ಲಿ ಮೊಟ್ಟೆ ಇಡುವ ಕಾಲ ಅಲ್ಲವಾ? ಆಗ ಹಿಡಿಯುವುದು ಸರಿಯಾ?

ವಿದ್ಯಾ: ಹೌದು, ಮೊಟ್ಟೆ ಇಡುವ ಕಾಲವೇ. 17 ತುಂಬಿದವರಿಗೆ ಲೈಸೆನ್ಸ್ ಬೇಕು, ದಿನಕ್ಕೆ ಇಷ್ಟೇ ಮೀನು ಅಂತ ಮಿತಿಯೂ ಇದೆ. ಆದರೂ ಗೂಡು ಕಾಯುವುದು ಗಂಡು ಬ್ಲೂಗಿಲ್. ದೊಡ್ಡ ಗಂಡು ಮೀನುಗಳನ್ನೆಲ್ಲ ತೆಗೆದರೆ ಮುಂದೆ ಸಿಗುವುದು ಬೆರಳುದ್ದದ ಮೀನೇ. ದೊಡ್ಡದನ್ನು ವಾಪಸ್ ಬಿಡುತ್ತೇವೆ, ನಡುಗಾತ್ರದ್ದು ನಾಲ್ಕೈದು ತರುತ್ತೇವೆ.

ಸುರೇಶ: ರವಾ ಫ್ರೈ ಮಾಡು ವಿದ್ಯಾ. ಅಜ್ಜಿಯ ಮಸಾಲೆಗೆ ಹುಣಸೆಹುಳಿ ಸ್ವಲ್ಪ ಜಾಸ್ತಿ.

ಪ್ರಶಾಂತ: ಸರಿ, ಕಾಲುವೆಯಲ್ಲೇ ಹಿಡಿಯೋಣ. ಜಾಕೆಟ್ ಮೂವರಿಗೂ. ಆದರೆ ಫಾರ್ವರ್ಡ್‌ನಲ್ಲಿ 11 ಅಡಿ ಅಂತ ಇದ್ದದ್ದು ಸುಳ್ಳಲ್ಲ.

ಶಾರದಾ: ರಘು, ನೀನು ಉತ್ತರ ಕೊಡಲಿಲ್ಲ.

ರಘು: ಅಪ್ಪಯ್ಯನ ಆಸ್ಪತ್ರೆ ಖರ್ಚಿಗೆ ಮಾರಿದ್ದು ಅಕ್ಕ. ಆಗ ನೀವು ಯಾರೂ ಊರಲ್ಲಿ ಇರಲಿಲ್ಲ. ಬಿಲ್ ಈಗಲೂ ನನ್ನ ಕಪಾಟಿನಲ್ಲಿ ಇದೆ.

ಕಿರಣ್: ಮಾವ, ಅದರ ಫೋಟೋ ಹಾಕಿ.