ಹೋಂಸ್ಟೇ ಲಾಂಡ್ರಿ ನೀರು ಯುಜಿಡಿಗೆ (ಊರಿನ ಒಳಚರಂಡಿಗೆ): ಬಿಒಡಿ, ಜಿಡ್ಡಿನ ಮಿತಿ ಎಷ್ಟು?

ಬಿಳಿ ಟವೆಲ್:
ಕುಶಾಲನಗರದಲ್ಲಿ ಹೋಂಸ್ಟೇ, ರೆಸಾರ್ಟ್‌ಗಳ ಬೆಡ್‌ಶೀಟ್, ಟವೆಲ್ ಒಗೆಯುವ ಘಟಕ. ದಿನಕ್ಕೆ 600 ಕೆ.ಜಿ. ಬಟ್ಟೆ, ಸುಮಾರು 12,000 ಲೀಟರ್ ನೀರು, ಎಲ್ಲಾ 10 ಗಂಟೆಯೊಳಗೆ. ಲ್ಯಾಬ್ ವರದಿ: ಪಿಎಚ್ 10.6, ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾದ ಆಮ್ಲಜನಕ) 420, ಟಿಎಸ್‌ಎಸ್ (ನೀರಲ್ಲಿ ತೇಲಾಡುವ ಕಣ) 310, ಎಣ್ಣೆ-ಜಿಡ್ಡು 65 (ಲೀಟರಿಗೆ ಮಿ.ಗ್ರಾಂ), ಬಿಸಿ 58 ಡಿಗ್ರಿ. ಸ್ಪಾ ಟವೆಲ್‌ಗಳಲ್ಲಿ ಮಸಾಜ್ ಎಣ್ಣೆ ಜಾಸ್ತಿ. ಯುಜಿಡಿಗೆ ಕೊಡಬೇಕಾದರೆ ಮಿತಿ ಏನು? ಗ್ರೀಸ್ ಟ್ರ್ಯಾಪ್ (ಮೇಲೆ ತೇಲುವ ಜಿಡ್ಡು ಹಿಡಿಯುವ ತೊಟ್ಟಿ) ಕಟ್ಟಿಸಿದರೆ ಆಗುತ್ತಾ, ಇಲ್ಲಾ ಬೋರ್‌ವೆಲ್ ನೀರು ಬೆರೆಸಿದರೆ ಸಾಕಾ?

ಕೆಳದಂಡೆ:
ಪೈಪು ಕೊನೆಗೆ ಎಲ್ಲಿ ಬೀಳುತ್ತದೆ ಅನ್ನೋದನ್ನ ಮೊದಲು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. 1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ಸಾರ್ವಜನಿಕ ಒಳಚರಂಡಿಗೆ ಬಿಒಡಿ 350, ಟಿಎಸ್‌ಎಸ್ 600, ಎಣ್ಣೆ-ಜಿಡ್ಡು 20, ಪಿಎಚ್ 5.5ರಿಂದ 9.0. ಸಿಒಡಿಗೆ (ಬ್ಯಾಕ್ಟೀರಿಯಾ ಬದಲು ರಾಸಾಯನಿಕದಿಂದ ಅಳೆಯುವ ಕೊಳೆ) ಆ ಕಾಲಂನಲ್ಲಿ ಮಿತಿಯೇ ಇಲ್ಲ. ಇಷ್ಟು ಸಡಿಲ ಯಾಕೆಂದರೆ, ಕೊನೆಯಲ್ಲಿ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಇದೆ, ಉಳಿದದ್ದನ್ನು ಅಲ್ಲಿನ ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ ಎಂಬ ಲೆಕ್ಕ. ಎಸ್‌ಟಿಪಿ ಇಲ್ಲದೆ ಪೈಪು ತೋಡಿಗೋ ಕಾವೇರಿಗೋ ಸೇರಿದರೆ ಆ ಲೆಕ್ಕವೇ ಬಿದ್ದುಹೋಯಿತು. ಆಗ ನದಿ-ಕೆರೆಗೆ ಬಿಡುವ ಮಿತಿಗೆ ಸಿದ್ಧರಾಗಿ: ಬಿಒಡಿ 30, ಸಿಒಡಿ 250, ಟಿಎಸ್‌ಎಸ್ 100, ಜಿಡ್ಡು 10.

ಊರಿನ ಸಂಸ್ಥೆ ಕೊಡುವ ಸಂಪರ್ಕದ ಅನುಮತಿ ಬೇರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇರೆ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಒಳಚರಂಡಿಯೂ ಸೇರಿದೆ. ಸಮ್ಮತಿ ಪತ್ರದಲ್ಲಿ ಇನ್ನೂ ಬಿಗಿ ಅಂಕಿ ಬರೆದಿದ್ದರೆ ಅದೇ ನಿಮ್ಮ ಮಿತಿ.

ಪೈಪು-ಪಂಪು:
ನೀರು ಬೆರೆಸುವ ಮಾತು ಬಿಡಿ. ಜಿಡ್ಡು 65ರಿಂದ 20ಕ್ಕೆ ಇಳಿಯಲು ದಿನಕ್ಕೆ 27,000 ಲೀಟರ್ ಹೆಚ್ಚುವರಿ ನೀರು ಬೇಕು. ಅಷ್ಟು ಮಾಡಿಯೂ ಎಸ್‌ಟಿಪಿಗೆ ಹೋಗುವ ಕೊಳೆ ಅಷ್ಟೇ ಇರುತ್ತದೆ. 12,000 ಲೀಟರಿಗೆ 420 ಅಂದರೆ ದಿನಕ್ಕೆ ಸುಮಾರು 5 ಕೆ.ಜಿ. ಬಿಒಡಿ, ತಲೆಗೆ 45 ಗ್ರಾಂ ಹಿಡಿದರೆ 110 ಜನರ ಮನೆಗೊಳಚೆಗೆ ಸಮ. ಇದರ ತಮಾಷೆ ನೋಡಿ: ಕೊನೆಯ ಜಾಲಿಸಿದ ನೀರನ್ನು ಮುಂದಿನ ಒಗೆತಕ್ಕೆ ಬಳಸಿ 9,000 ಲೀಟರಿಗೆ ಇಳಿಸಿದರೆ ಅದೇ 5 ಕೆ.ಜಿ. ವರದಿಯಲ್ಲಿ 560 ಆಗಿ ಕಾಣುತ್ತದೆ. ನೀರು ಉಳಿಸಿದವನಿಗೇ ನೋಟಿಸ್! ಅಮೆರಿಕದಲ್ಲಿ ಊರಿನ ಸಂಸ್ಥೆ ತನ್ನ ಎಸ್‌ಟಿಪಿ ತಡೆಯುವಷ್ಟು ಹೊರೆ ಲೆಕ್ಕ ಹಾಕಿ ಕಾರ್ಖಾನೆಗಳಿಗೆ ಹಂಚಬಹುದು, ನಮ್ಮಲ್ಲಿ ಲೀಟರಿಗೆ ಎಷ್ಟು ಕೊಳೆ ಎಂಬ ಲೆಕ್ಕವೇ ನಡೆಯುವುದು. ಆದ್ದರಿಂದ ಮರುಬಳಕೆ ಮಾಡುವ ಮೊದಲು ಸಂಸ್ಕರಣೆ ಸರಿಮಾಡಿ.

ಗ್ರೀಸ್ ಟ್ರ್ಯಾಪ್ ಹೋಟೆಲ್ ಅಡುಗೆಮನೆಗೆ ಸರಿ, ಲಾಂಡ್ರಿಗೆ ದಂಡ. ಸೋಪು ಮತ್ತು ಬಿಸಿ ಸೇರಿ ಎಣ್ಣೆಯನ್ನು ಸಣ್ಣ ಹನಿಗಳಾಗಿಸಿ ಹಾಲಿನಂತೆ ನೀರಲ್ಲಿ ಬೆರೆಸಿಟ್ಟಿರುತ್ತವೆ, ಅದು ಮೇಲೆ ತೇಲುವುದೇ ಇಲ್ಲ. ಮುಂದೆ ಮ್ಯಾನ್‌ಹೋಲ್‌ನಲ್ಲಿ ತಣ್ಣಗಾದ ಮೇಲೆ ಪೈಪಿಗೆ ಅಂಟುತ್ತದೆ, ಕೊಡಗಿನ ಚಳಿಗೆ ಇನ್ನೂ ಬೇಗ.

ಮೊದಲು 1 ಮಿ.ಮೀ. ಜಾಲರಿ. ನೂಲುಕಸ ಬಿಟ್ಟರೆ ಹಗ್ಗದಂತೆ ಹೊಸೆದುಕೊಂಡು ಪಂಪಿನ ಇಂಪೆಲ್ಲರ್ ಹಿಡಿಯುತ್ತದೆ. ಆಮೇಲೆ ಸಮೀಕರಣ ತೊಟ್ಟಿ, ಅಂದರೆ ನೀರು ಕೂಡಿಟ್ಟು ಒಂದೇ ಸಮನೆ ಬಿಡುವ ತೊಟ್ಟಿ. ಗಂಟೆಗೆ 500 ಲೀಟರಿನಂತೆ 24 ಗಂಟೆ ಬಿಡುವುದಾದರೆ 10 ಗಂಟೆಯ ಕೊನೆಗೆ 7,000 ಲೀಟರ್ ಉಳಿದಿರುತ್ತದೆ, 9,000 ಲೀಟರಿನದು ಕಟ್ಟಿಸಿ. ತಳದಲ್ಲಿ ಗಾಳಿ ಬಿಡಿ, ನಿಂತರೆ ನಾರುತ್ತದೆ. ಬಿಸಿಯೂ ಇಲ್ಲೇ ಇಳಿಯುತ್ತದೆ. ಹಳೆಯ ಭಾರತೀಯ ಮಾನಕ ಐಎಸ್ 3306ರಲ್ಲಿ (1974) ಒಳಚರಂಡಿಗೆ 45 ಡಿಗ್ರಿ ಮೀರಬಾರದು ಎಂದಿತ್ತು.

ಹೀಗೆ ಬೆರೆತ ಎಣ್ಣೆಯನ್ನು ಗಂಟು ಕಟ್ಟಿಸಿ ಬೇರ್ಪಡಿಸಲು ಆಲಂ (ಪಟಿಕ). ಐದು ಬೀಕರ್‌ಗಳಲ್ಲಿ ಒಂದೊಂದು ಲೀಟರ್ ತೆಗೆದುಕೊಂಡು 150, 200, 250, 300, 400 ಮಿ.ಗ್ರಾಂ ಹಾಕಿ. 1 ನಿಮಿಷ ಜೋರಾಗಿ, 15 ನಿಮಿಷ ನಿಧಾನ ಕಲಕಿ, ಅರ್ಧ ಗಂಟೆ ಬಿಡಿ. ಕೊನೆಯ ಪಿಎಚ್ 6ರಿಂದ 7ರೊಳಗೆ ಬಂದರೆ ಗಂಟು ಚೆನ್ನಾಗಿ ಕಟ್ಟುತ್ತದೆ. ಆಲಂ ತಾನೇ ಪಿಎಚ್ ಇಳಿಸುವುದರಿಂದ ಆಸಿಡ್ ಖರ್ಚು ಕಡಿಮೆ. ಗಂಟನ್ನು ಸಣ್ಣ ಡಿಎಎಫ್‌ನಲ್ಲಿ (ಗಾಳಿಯ ಸಣ್ಣ ಗುಳ್ಳೆ ಬಿಡುವ ತೊಟ್ಟಿ) ತೇಲಿಸಿ ತೆಗೆಯಿರಿ. ಎಣ್ಣೆ ಹಿಡಿದ ಗಂಟು ಹಗುರ, ಸೆಟ್ಲಿಂಗ್ ಟ್ಯಾಂಕಿನಲ್ಲಿ ಸರಿಯಾಗಿ ಕೂರುವುದಿಲ್ಲ.

ಆಸಿಡ್ ಹಾಕಲೇಬೇಕಾದರೆ ಎಚ್ಚರ: ಬ್ಲೀಚ್ ಇರುವ ನೀರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ತೊಟ್ಟಿಯೊಳಗೆ ಇಳಿದವರ ಜೀವಕ್ಕೆ ಅಪಾಯ. ಬ್ಲೀಚ್ ಒಗೆತದ ನೀರಿಗೆ ಮೊದಲು ಸೋಡಿಯಂ ಬೈಸಲ್ಫೈಟ್ ಹಾಕಿ, ಕ್ಲೋರಿನ್ ಪರೀಕ್ಷಾ ಪಟ್ಟಿಯಲ್ಲಿ (ಟೆಸ್ಟ್ ಸ್ಟ್ರಿಪ್) ಸೊನ್ನೆ ನೋಡಿ, ಆಮೇಲೆ ತೊಟ್ಟಿಗೆ ಬಿಡಿ.

ಬಿಒಡಿ ಬಾಟಲಿ:
ನಿಮ್ಮ 420ರ ಮೇಲೆ ನನಗೆ ಅನುಮಾನ. ಮಾದರಿಯಲ್ಲಿ ಬ್ಲೀಚ್ ಉಳಿದಿದ್ದರೆ ಪರೀಕ್ಷೆಯ ಬ್ಯಾಕ್ಟೀರಿಯಾಗಳೇ ಸತ್ತು ಬಿಒಡಿ ಕಡಿಮೆ ತೋರಿಸುತ್ತದೆ. ಕ್ಲೋರಿನ್ ತೆಗೆದು, ಪಿಎಚ್ ಸರಿಮಾಡಿ, ಸೀಡ್ (ಹೊರಗಿನಿಂದ ಬ್ಯಾಕ್ಟೀರಿಯಾ) ಹಾಕಿದ್ದಾರಾ ಅಂತ ಲ್ಯಾಬ್‌ನಲ್ಲಿ ಕೇಳಿ. ಮಿತಿ ಇಲ್ಲದಿದ್ದರೂ ಸಿಒಡಿ ಮಾಡಿಸಿ, ತಪ್ಪು ಅಲ್ಲಿ ಹಿಡಿಯಬಹುದು.

ಎಣ್ಣೆಯ ಮಾದರಿ ಗಾಜಿನ ಬಾಟಲಿಯಲ್ಲಿ ಪ್ರತ್ಯೇಕವಾಗಿ ಹಿಡಿಯಬೇಕು, ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಪ್ಲಾಸ್ಟಿಕ್ ಕ್ಯಾನಿನ ಗೋಡೆಗೆ ಎಣ್ಣೆ ಅಂಟಿ ವರದಿ ಸುಳ್ಳು ಚೆನ್ನಾಗಿ ಬರುತ್ತದೆ. ಬಿಒಡಿಗೆ ದಿನವಿಡೀ ಗಂಟೆಗೊಮ್ಮೆ ತೆಗೆದು ಬೆರೆಸಿದ ಮಾದರಿ, ಐಸ್‌ನಲ್ಲಿ 4 ಡಿಗ್ರಿ.

ಬಿಳಿ ಟವೆಲ್:
ಥ್ಯಾಂಕ್ಸ್ ಸರ್. ಆಲಂ ಕೆಸರು ಏನು ಮಾಡೋದು? ಪಕ್ಕದ ಕಾಫಿ ತೋಟದವರು ಗುಂಡಿಗೆ ಹಾಕಿಕೊಳ್ತೀವಿ ಅಂತಾರೆ.

ಪೈಪು-ಪಂಪು:
ಕೊಡಬೇಡಿ. ಅದರಲ್ಲಿ ಅಲ್ಯೂಮಿನಿಯಂ, ಸೋಪು, ಎಣ್ಣೆ ಇದೆ. ಕೊಡಗಿನ ಹುಳಿ ಮಣ್ಣಿಗೆ ಅಲ್ಯೂಮಿನಿಯಂ ಬೇರೆ ಬೇಕಿಲ್ಲ. ಮರಳು ಹಾಸಿನ ಮೇಲೆ ಒಣಗಿಸಿ. ಮೇಲೆ ಶೀಟು, ಸುತ್ತ ಕಟ್ಟೆ ಇರಲಿ, ಇಲ್ಲದಿದ್ದರೆ ಜೂನ್ ಮಳೆಗೆ ಎಲ್ಲಾ ವಾಪಸ್ ಚರಂಡಿಗೆ. ಒಣಗಿದ್ದನ್ನು ಯಾರಿಗೆ ಕೊಡಬೇಕೆಂದು ಸಮ್ಮತಿ ಅರ್ಜಿಯಲ್ಲೇ ಮಂಡಳಿಯಿಂದ ಬರೆಸಿಕೊಳ್ಳಿ. ಹಾಂ, ಚಾವಣಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಬೇಡಿ.