ಅಂಕೋಲೆಯ ಉಪ್ಪು, ಜೆಫರ್ಸನ್ನನ ಸುಳ್ಳು: ನಮ್ಮ ಮನೆ ಗುಂಪಿನ ಜಗಳ

ನ್ಯೂಜೆರ್ಸಿಯಲ್ಲಿರುವ ತಮ್ಮ ಒಂದು ವಿಡಿಯೊ ಹಾಕಿದ. ‘ಹ್ಯಾಮಿಲ್ಟನ್’ ಗೀತನಾಟಕದ ತುಣುಕು. ಆಮೇಲೆ ನಡೆದದ್ದನ್ನು, ಶುಭೋದಯದ ಹೂವುಗಳನ್ನೂ ಅಡಿಕೆ ದರದ ಫಾರ್ವರ್ಡ್‌ಗಳನ್ನೂ ತೆಗೆದು, ಇಲ್ಲಿ ಇಡುತ್ತಿದ್ದೇನೆ. ದೊಡ್ಡಪ್ಪ ಶಿರಸಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅಕ್ಕ, ಭಾವ ಇರುವುದು ಕಾರವಾರದಲ್ಲಿ. ಅಕ್ಕ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾಳೆ. ಹಾಗಾಗಿ ಅವಳ ಜೊತೆ ವಾದಕ್ಕೆ ಇಳಿಯುವ ಮೊದಲು ಭಾವನೂ ಒಂದು ಸಲ ಯೋಚಿಸುತ್ತಾರೆ.

ತಮ್ಮ: ನಿನ್ನೆ ನೋಡಿದೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಮೆರಿಕದ ಮೊದಲ ಹಣಕಾಸು ಮಂತ್ರಿಯ ಕತೆ. ಸಾಲ, ಬ್ಯಾಂಕು, ಸಂಪುಟದ ಜಗಳ ಎಲ್ಲ ರ‍್ಯಾಪ್ ಹಾಡಿನಲ್ಲಿ. ದೊಡ್ಡಪ್ಪ, ನೀವು ಹೀಗೆ ಕಲಿಸಿದ್ದರೆ ನಾನು ಪಾಸಾಗುತ್ತಿದ್ದೆ.

ದೊಡ್ಡಪ್ಪ: ಪಾಸಾಗಿದ್ದೆಯಲ್ಲೋ. 38 ಅಂಕ. ತಿದ್ದಿದವನು ನಾನೇ.

ಭಾವ: ಅದರಲ್ಲಿ ಸಂಬಂಧಕ್ಕೆ ಎಷ್ಟು ಅಂಕ ಮಾವ?

ದೊಡ್ಡಪ್ಪ: ಹಾಡು ಚೆನ್ನಾಗಿದೆ, ಒಪ್ಪಿದೆ. ಆದರೆ ಅದನ್ನು ಇತಿಹಾಸ ಅನ್ನಬೇಡ. ನಾಟಕದಲ್ಲಿ ಆಂಜೆಲಿಕಾ ಹ್ಯಾಮಿಲ್ಟನ್‌ನನ್ನು ಮೆಚ್ಚಿ, ತಂಗಿಗೆ ಬಿಟ್ಟುಕೊಡುತ್ತಾಳೆ. ಅಪ್ಪನಿಗೆ ಗಂಡುಮಕ್ಕಳಿಲ್ಲ, ಹಿರಿಯಳಾದ ತಾನೇ ದುಡ್ಡಿದ್ದವನನ್ನು ಮದುವೆಯಾಗಬೇಕು ಅಂತ ಹಾಡುತ್ತಾಳೆ. ನಿಜವಾಗಿ ಅವಳ ಮದುವೆ 1777ರಲ್ಲೇ ಆಗಿತ್ತು. ಅದೂ ಮನೆಯವರಿಗೆ ಹೇಳದೆ ಓಡಿಹೋಗಿ. ಹ್ಯಾಮಿಲ್ಟನ್ ಆ ಮನೆಯ ಅಳಿಯನಾದದ್ದು 1780ರಲ್ಲಿ. ಅವಳಿಗೆ ಅಣ್ಣತಮ್ಮಂದಿರೂ ಇದ್ದರು.

ಭಾವ: ಓಡಿಹೋದದ್ದನ್ನೇ ಹಾಡು ಮಾಡಿದ್ದರೆ ಇನ್ನೂ ರಂಗು ಬರುತ್ತಿತ್ತು.

ದೊಡ್ಡಪ್ಪ: ಮುಂದೆ ಕೇಳಿ. ಜಾನ್ ಆಡಮ್ಸ್ ಅವನನ್ನು ಕೆಲಸದಿಂದ ತೆಗೆದ ಅಂತ ಬರುತ್ತದೆ. ಹ್ಯಾಮಿಲ್ಟನ್ ರಾಜೀನಾಮೆ ಕೊಟ್ಟದ್ದು 1795ರ ಜನವರಿಯಲ್ಲಿ, ವಾಷಿಂಗ್ಟನ್ ಕಾಲದಲ್ಲಿ. ಆಡಮ್ಸ್ ಅಧ್ಯಕ್ಷನಾದದ್ದು 1797ರಲ್ಲಿ. ಖಾಲಿ ಕುರ್ಚಿಯಿಂದ ಯಾರನ್ನು ಇಳಿಸುವುದು? ಅವನ ರಾಜಕೀಯ ಎದುರಾಳಿ ಆರನ್ ಬರ್ ಜೊತೆಗಿನ ಪಿಸ್ತೂಲು ಕಾಳಗವೂ 1800ರ ಚುನಾವಣೆಯ ಸಿಟ್ಟಿನಿಂದ ಆದಂತೆ ತೋರಿಸುತ್ತಾರೆ. ಅದು ನಡೆದದ್ದು 1804ರ ಜುಲೈ 11ಕ್ಕೆ. ಆ ವರ್ಷ ಬರ್ ನ್ಯೂಯಾರ್ಕ್ ಗವರ್ನರ್ ಚುನಾವಣೆ ಸೋತಿದ್ದ. ಹ್ಯಾಮಿಲ್ಟನ್ ಯಾರದೋ ಮನೆಯ ಊಟದಲ್ಲಿ ಆಡಿದ ಮಾತು ಪತ್ರಿಕೆಗೆ ಬಂತು. ಅಲ್ಲಿಂದ ಶುರು.

ಚಿಕ್ಕಮ್ಮ: ಊಟಕ್ಕೆ ಕರೆದಲ್ಲಿ ರಾಜಕೀಯ ಮಾತಾಡಬಾರದು ಅಂತ ನಾನು ಹೇಳುತ್ತಲೇ ಇದ್ದೇನೆ.

ತಮ್ಮ: ದೊಡ್ಡಪ್ಪ, ಮೂರು ಗಂಟೆಯೊಳಗೆ ಮೂವತ್ತು ವರ್ಷ ಹೇಳಬೇಕು. ಎಲ್ಲ ಚುನಾವಣೆಗೂ ಒಂದೊಂದು ಹಾಡು ಕೊಟ್ಟರೆ ಬೆಳಗಾಗುತ್ತದೆ.

ದೊಡ್ಡಪ್ಪ: ಬೆಳಗಿನವರೆಗೆ ಆಟ ನೋಡಿ ಬೆಳೆದವರು ನಾವು. ಅದೇನು ದೊಡ್ಡ ವಿಷಯ?

ಅಕ್ಕ: ನಾನು ನಡುವೆ ಬಾಯಿ ಹಾಕುತ್ತೇನೆ. ದೊಡ್ಡಪ್ಪ, ನೀವು ಹೇಳಿದ್ದು ಯಾವುದೂ ಸುಳ್ಳಲ್ಲ. ಆದರೂ ನನಗೆ ಅವು ದೊಡ್ಡ ತಪ್ಪು ಅನ್ನಿಸುವುದಿಲ್ಲ. ಬರ್‌ಗೂ ಹ್ಯಾಮಿಲ್ಟನ್‌ಗೂ ವರ್ಷಗಟ್ಟಲೆ ಹಗೆ ಇತ್ತು. ನಾಟಕ ಅದನ್ನು ಒಂದೇ ಗಂಟು ಕಟ್ಟಿತು, ಅಷ್ಟೇ. ತಾಳಮದ್ದಳೆಯಲ್ಲಿ ನಾವು ಮಾಡುವುದೂ ಅದೇ. ಭಾಗವತರು ಹಾಡುವ ಪದ್ಯ ಕವಿ ಬರೆದಿಟ್ಟದ್ದು. ಅರ್ಥ ನಮ್ಮದು. ಕರ್ಣ ಏನು ಯೋಚಿಸಿದ ಅಂತ ನಾನು ಅರ್ಧ ಗಂಟೆ ಹೇಳಬಹುದು. ಆದರೆ ಎದುರಿಗೆ ಕೃಷ್ಣ ಕೂತಿರುತ್ತಾನೆ. ನಾನು ಕರ್ಣನ ತಪ್ಪನ್ನು ಮೆಲ್ಲಗೆ ಜಾರಿಸಿದರೆ ಅಲ್ಲೇ ಹಿಡಿಯುತ್ತಾನೆ. ದ್ರೌಪದಿಯ ಸೀರೆ ಎಳೆಯುವಾಗ ನೀನು ಎಲ್ಲಿದ್ದೆ ಅಂತ ಕೇಳುತ್ತಾನೆ. ನನಗೆ ಬೇಕಾದದ್ದು ಆ ಕೇಳುವವನು.

ದೊಡ್ಡಪ್ಪ: ಪುರಾಣದ ಮಾತು ಬೇರೆ, ಕೂಸೇ. ಕರ್ಣನ ದಾಖಲೆ ಯಾವ ಕಚೇರಿಯಲ್ಲೂ ಇಲ್ಲ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಈ ಜೆಫರ್ಸನ್ ತೋಟದ ಲೆಕ್ಕದ ಪುಸ್ತಕ ಬರೆದಿಟ್ಟು ಹೋಗಿದ್ದಾನೆ.

ಅಕ್ಕ: ಸರಿ, ಅವನ ಲೆಕ್ಕವನ್ನೇ ತೆಗೆಯೋಣ. ‘1776’ ಅಂತ ಇನ್ನೊಂದು ಗೀತನಾಟಕ ಇದೆ, 1969ರದು. ಸ್ವಾತಂತ್ರ್ಯ ಘೋಷಣೆಯ ಕತೆ. ಹಾಡು ಕಟ್ಟಿದ ಶರ್ಮನ್ ಎಡ್ವರ್ಡ್ಸ್ ಹಿಂದೆ ಇತಿಹಾಸದ ಮೇಷ್ಟ್ರೇ ಆಗಿದ್ದರು.

ದೊಡ್ಡಪ್ಪ: ಅದರಲ್ಲೂ ಜುಲೈ 4ಕ್ಕೇ ಎಲ್ಲರೂ ಸಹಿ ಹಾಕುತ್ತಾರೆ. ಹೆಚ್ಚಿನವರು ಹಾಕಿದ್ದು ಆಗಸ್ಟ್ 2ಕ್ಕೆ. ಜೆಫರ್ಸನ್ನನ ಹೆಂಡತಿ ಫಿಲಡೆಲ್ಫಿಯಾಕ್ಕೆ ಬಂದು ಕುಣಿಯುತ್ತಾಳೆ. ಪಾಪ, ಆ ಬೇಸಿಗೆಯಲ್ಲಿ ಅವಳು ಮನೆಯಲ್ಲಿ ಕಾಯಿಲೆ ಬಿದ್ದಿದ್ದಳು. ಮೇಷ್ಟ್ರಾಗಿ ಹೀಗೆ ಮಾಡಬಹುದಾ?

ಅಕ್ಕ: ಕುಣಿಯಲಿ ಬಿಡಿ. ಅದರಿಂದ ಯಾರ ಪಾಪವೂ ತೊಳೆದುಹೋಗಲಿಲ್ಲ. ನಾನು ಹೇಳುವುದು ಬೇರೆ ಎರಡು ಜಾಗ. ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಬೈಯುವ ಒಂದು ಭಾಗ ಇತ್ತು. ಅಲ್ಲಿನ ಪ್ರಾಂತ್ಯಗಳ ಪ್ರತಿನಿಧಿಗಳ ಸಭೆ, ಅಂದರೆ ಅಮೆರಿಕದ ಕಾಂಗ್ರೆಸ್, ಅದನ್ನು ತೆಗೆಸಿತು. ನಾಟಕದಲ್ಲಿ ದಕ್ಷಿಣ ಕೆರೊಲಿನಾದ ರಟ್ಲೆಜ್ ಎದ್ದು ನಿಂತು ಉತ್ತರದವರಿಗೇ ತಿರುಗಿಸಿ ಕೊಡುತ್ತಾನೆ. ನಮ್ಮನ್ನು ಬೈಯುತ್ತೀರಲ್ಲ, ಆ ಜನರನ್ನು ಹಡಗಿನಲ್ಲಿ ತಂದು ದುಡ್ಡು ಎಣಿಸಿದವರು ನಿಮ್ಮ ಬಾಸ್ಟನ್ನಿನವರು ಅಲ್ಲವೇ ಅಂತ. ಅಂಥ ಹಾಡು ಆ ಸಭೆಯಲ್ಲಿ ಯಾರೂ ಹಾಡಲಿಲ್ಲ. ಆದರೆ ದಕ್ಷಿಣ ಕೆರೊಲಿನಾ, ಜಾರ್ಜಿಯಾ ಒಪ್ಪಲಿಲ್ಲ, ಉತ್ತರದ ಕೆಲವರಿಗೂ ಅದು ಚುಚ್ಚಿತು, ಯಾಕೆಂದರೆ ಆ ಜನರನ್ನು ಸಾಗಿಸಿದವರು ಅವರೇ ಅಂತ ಜೆಫರ್ಸನ್ನೇ ಬರೆದಿಟ್ಟಿದ್ದಾನೆ. ಅಂದರೆ ಸನ್ನಿವೇಶ ಕಟ್ಟಿದ್ದು, ಹೊಣೆ ಮಾತ್ರ ಸರಿಯಾದವರ ತಲೆ ಮೇಲೇ ಬಿತ್ತು.

ಅಕ್ಕ: ಅದೇ ದೃಶ್ಯದಲ್ಲಿ ಇನ್ನೊಂದು ಸಾಲು. ಜೆಫರ್ಸನ್ ಹೇಳುತ್ತಾನೆ, ನನ್ನ ಗುಲಾಮರನ್ನು ಬಿಡುಗಡೆ ಮಾಡುವುದು ಅಂತ ಆಗಲೇ ತೀರ್ಮಾನಿಸಿದ್ದೇನೆ ಅಂತ. ಚಿಕ್ಕ ಸಾಲು. ಅವನ ಜೀವಮಾನದಲ್ಲಿ 600ಕ್ಕೂ ಜಾಸ್ತಿ ಜನ ಅವನ ಗುಲಾಮರಾಗಿದ್ದರು. ಬದುಕಿದ್ದಾಗ ಕಾಗದ ಮಾಡಿ ಬಿಟ್ಟದ್ದು 2 ಜನರನ್ನು, ಉಯಿಲಿನಲ್ಲಿ 5 ಜನರನ್ನು. ಅವನು ಸತ್ತ ಮೇಲೆ 1827ರ ಜನವರಿಯಲ್ಲಿ 130 ಜನರನ್ನು ಹರಾಜಿಗಿಟ್ಟರು. ಹೆಂಡತಿಯನ್ನು ಕುಣಿಸಿದ್ದು ನನಗೆ ಅಡ್ಡಿಲ್ಲ. ಈ ಸಾಲು ಅಡ್ಡಿ. ನೋಡುವವನು ‘ಅಯ್ಯೋ ಪಾಪ, ಒಳ್ಳೆಯವನು’ ಅಂತ ಮನೆಗೆ ಹೋಗುತ್ತಾನೆ. ಎದುರಿಗೆ ಕೂತು ಲೆಕ್ಕ ಕೇಳಲು ಅಲ್ಲಿ ಯಾರೂ ಇಲ್ಲ.

ಐದು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ಹೋಗುತ್ತಿತ್ತು.

ದೊಡ್ಡಪ್ಪ: ನಿನ್ನ ವಾದ ಚೆನ್ನಾಗಿದೆ. ಪೂರ್ತಿ ಒಪ್ಪುವುದಿಲ್ಲ. ಯಾವ ಸುಳ್ಳು ನಿರುಪದ್ರವಿ ಅಂತ ನಾಟಕದವರೇ ತೀರ್ಮಾನಿಸಿದರೆ ಹೇಗೆ? ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆಯುತ್ತಾರೆ. ನಾನು ಉತ್ತರಪತ್ರಿಕೆ ನೋಡಿದವನು.

ತಮ್ಮ: ಈಗ ಹೇಳುವುದೋ ಬೇಡವೋ ಗೊತ್ತಿಲ್ಲ. ಬೇಸಿಗೆಗೆ ಬಂದಾಗ ಊರ ಶಾಲೆಯಲ್ಲಿ ಆಡಿಸಲು ನಾನೂ ಒಂದು ಗೀತನಾಟಕ ಬರೆಯುತ್ತಿದ್ದೇನೆ. ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಸಿದ್ದಾಪುರದ ಕರನಿರಾಕರಣೆ, ಎರಡೂ ಸೇರಿಸಿ. ಒಂದೇ ದೃಶ್ಯದಲ್ಲಿ ಒಂದು ಕಡೆ ಉಪ್ಪು, ಇನ್ನೊಂದು ಕಡೆ ಮಾವಿನಗುಂಡಿಯ ಹೆಂಗಸರ ಉಪವಾಸ.

ದೊಡ್ಡಪ್ಪ: ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾಯ್ದೆ ಮುರಿದದ್ದು 1930ರ ಏಪ್ರಿಲ್ 13ಕ್ಕೆ. ಮಾವಿನಗುಂಡಿಯದು ಆಮೇಲಿನದು. ಒಂದೇ ದಿನಕ್ಕೆ ತರಬೇಡ ಮಾರಾಯ.

ಅಕ್ಕ: ತರಲಿ ದೊಡ್ಡಪ್ಪ. ಕರಪತ್ರದಲ್ಲಿ ತಾರೀಕು ಹಾಕಿದರೆ ಆಯಿತು. ನಾನು ಕೇಳುವುದು ಇದು: ಆ ಹೆಂಗಸರು ಉಪವಾಸ ಕೂತದ್ದು ಯಾರ ಮನೆ ಬಾಗಿಲಲ್ಲಿ?

ತಮ್ಮ: ಬ್ರಿಟಿಷ್ ಕಲೆಕ್ಟರ್ ಬಂಗಲೆ ಮುಂದೆ ಅಂತ ಬರೆದಿದ್ದೇನೆ. ಸ್ಟೇಜಿಗೆ ಚೆನ್ನಾಗಿ ಕಾಣುತ್ತದೆ. ಕೆಂಪು ಕೋಟು, ಟೋಪಿ.

ಅಕ್ಕ: ನೋಡಿ, ಇದೇ. ತೆರಿಗೆ ಕೊಡದವರ ಜಮೀನು ಜಪ್ತಿಯಾಯಿತು, ಹರಾಜಾಯಿತು. ಆ ಹರಾಜಿನಲ್ಲಿ ಕೂಗಿ ಕೊಂಡವರು ನಮ್ಮ ಕಡೆಯವರೇ. ಹೆಂಗಸರು ಕೂತದ್ದು ಅವರ ಬಾಗಿಲಲ್ಲಿ. ನೀನು ತಾರೀಕು ಬದಲಿಸಿದೆ, ನನಗೆ ಬೇಸರ ಇಲ್ಲ. ಬಾಗಿಲು ಬದಲಿಸಿದೆಯಲ್ಲ, ಅದಕ್ಕೆ ಬೇಸರ.

ದೊಡ್ಡಪ್ಪ: ಇಲ್ಲಿ ನಾನು ಅವಳ ಕಡೆ.

ಭಾವ: ನಮ್ಮ ಮನೆಯವರು ಯಾರೂ ಕೊಂಡಿರಲಿಲ್ಲ ತಾನೆ?

ಚಿಕ್ಕಮ್ಮ: ಆ ಪ್ರಶ್ನೆ ಈ ಗುಂಪಿನಲ್ಲಿ ಬೇಡ. ಎರಡೂ ಕಡೆಯ ನೆಂಟರಿದ್ದಾರೆ.

ತಮ್ಮ: ಊರಿನವರ ಎದುರು ಅದನ್ನು ಆಡಿಸಿದರೆ ಮುಂದಿನ ಸಾಲಿನಲ್ಲಿ ಕೂತವರು ಎದ್ದು ಹೋಗುತ್ತಾರೆ ಅಕ್ಕ.

ನಾನು: ‘1776’ ಸಿನಿಮಾ ಆದಾಗ ಒಂದು ಹಾಡನ್ನೇ ಕತ್ತರಿಸಿದ್ದರು. ಶ್ರೀಮಂತ ಸಂಪ್ರದಾಯಸ್ಥರನ್ನು ಚುಚ್ಚುವ ಹಾಡು. ಅಧ್ಯಕ್ಷ ನಿಕ್ಸನ್‌ಗೆ ಹಿಡಿಸಲಿಲ್ಲ, ಅದಕ್ಕೆ ಅಂತ ಹೇಳುತ್ತಾರೆ. ಸಹಿಯ ತಾರೀಕು ತಪ್ಪಾದದ್ದು ಯಾರಿಗೂ ಅಡ್ಡ ಬರಲಿಲ್ಲ ನೋಡು.

ಅಕ್ಕ: ಎದ್ದು ಹೋಗದಂತೆ ಬರಿ. ಹರಾಜಿನಲ್ಲಿ ಕೊಂಡವನಿಗೂ ಒಂದು ಹಾಡು ಕೊಡು. ಅವನೂ ಏನೋ ಒಂದು ಹೇಳಿಕೊಂಡಿರುತ್ತಾನೆ. ನಾನು ಕೊಳ್ಳದಿದ್ದರೆ ಪಕ್ಕದವನು ಕೊಳ್ಳುತ್ತಿದ್ದ ಅಂತಲೋ, ಊರಿನ ಜಮೀನು ಊರಲ್ಲೇ ಉಳಿಯಲಿ ಅಂತಲೋ. ಅವನನ್ನು ಪೆದ್ದ ಖಳನನ್ನಾಗಿ ಮಾಡಬೇಡ. ಬೇರೆ ಯಾರೂ ಒಪ್ಪದಿದ್ದರೆ ಆ ಪಾತ್ರ ನಾನೇ ಮಾಡುತ್ತೇನೆ.

ಭಾವ: ಮೀಸೆ ನಾನು ತರುತ್ತೇನೆ.

ದೊಡ್ಡಪ್ಪ: ಬರೆದದ್ದನ್ನು ಮೊದಲು ನನಗೆ ಕಳಿಸು ಮಾಣಿ. ಕೆಂಪು ಪೆನ್ನು ಇನ್ನೂ ಇದೆ.