ಸಹಾಯ ಬೇಕು: ವೆಂಟಿಲೇಟರ್ ಟ್ಯೂಬ್‌ನಿಂದ ಅಪ್ಪನ ಗಂಟಲಲ್ಲಿ ಗಾಯ, ಉಸಿರಾಟ ಕಷ್ಟ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರ ತಾಲ್ಲೂಕು ವೇಮಗಲ್ ಕಡೆಯವರು. ಮೂರು ತಿಂಗಳ ಹಿಂದೆ ಅಪ್ಪ ನ್ಯುಮೋನಿಯಾ ಆಗಿ 12 ದಿನ ವೆಂಟಿಲೇಟರ್‌ನಲ್ಲಿದ್ದರು. ಬದುಕಿ ಬಂದರಲ್ಲ, ಅಷ್ಟೇ ಸಾಕು ಅಂದುಕೊಂಡಿದ್ದೆವು.

ಮನೆಗೆ ಬಂದ ಮೇಲೆ ದನಿ ಒಡೆದುಹೋಯಿತು. ತಿಂಗಳಾಗುವಷ್ಟರಲ್ಲಿ ಉಸಿರು ಒಳಗೆ ಎಳೆದಾಗೆಲ್ಲ ಸುಂಯ್ ಅನ್ನೋ ಸದ್ದು. ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುತ್ತಿದ್ದವರು, ಈಗ ನೀರು ಬೇಕಾದರೆ ಲೋಟ ಕುಟ್ಟುತ್ತಾರೆ. ಒಂದು ಕಡೆ ಆಸ್ತಮಾ ಅಂತ ಇನ್ಹೇಲರ್ ಕೊಟ್ಟರು. ಆರು ವಾರ ಸುಮ್ನೆ ಹೋಯ್ತು. ಆಮೇಲೆ ಇಎನ್‌ಟಿ ಡಾಕ್ಟರು ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡಿದರು. ಟ್ಯೂಬ್ ಒತ್ತಿದ ಜಾಗಕ್ಕೆ ರಕ್ತ ಹೋಗದೆ ಹುಣ್ಣಾಗಿದೆ, ಅದು ಮಾಯುವಾಗ ಗಟ್ಟಿ ಕಲೆ ಕಟ್ಟಿ ಧ್ವನಿಪೆಟ್ಟಿಗೆಯ ಕೆಳಗೆ ದಾರಿ ಕಿರಿದಾಗಿದೆ ಅಂದರು. ಸಬ್‌ಗ್ಲಾಟಿಕ್ ಸ್ಟೆನೋಸಿಸ್ ಅಂತೆ.

ಬಲೂನ್ ಹಾಕಿ ಹಿಗ್ಗಿಸಬಹುದಂತೆ, ಆದರೆ ಮತ್ತೆ ಕಿರಿದಾಗಬಹುದಂತೆ. ತೀರಾ ಜಾಸ್ತಿಯಾದರೆ ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಇಡಬೇಕು. ಅದನ್ನು ಕೇಳಿ ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತಾ? ಬಲೂನ್ ಎಷ್ಟು ಸಲ ಮಾಡಿಸಿದಿರಿ? ದನಿ ವಾಪಸ್ ಬಂತಾ? ಬೆಂಗಳೂರಲ್ಲಿ ಇದನ್ನೇ ಜಾಸ್ತಿ ಮಾಡುವ ಡಾಕ್ಟರು ಯಾರು? ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್‌ನಲ್ಲಿ ಮಾಡಿಸಿದವರಿದ್ದರೆ ಹೇಳಿ, ಕೋಲಾರದ ಜಿಲ್ಲಾಸ್ಪತ್ರೆ ಎಸ್‌ಎನ್‌ಆರ್‌ನಿಂದ ರೆಫರಲ್ ಬರೆಸಿಕೊಂಡೇ ಹೋಗಬೇಕಾ?

ಸದ್ದು ಜಾಸ್ತಿಯಾದರೆ ಕಾಯದೆ ಎಮರ್ಜೆನ್ಸಿಗೆ ಬನ್ನಿ ಅಂದಿದ್ದಾರೆ, ಹಾಗಾಗಿ ರಾತ್ರಿ ಒಬ್ಬರಾದರೂ ಎದ್ದಿರುತ್ತೇವೆ. ಶುಂಠಿ ಕಷಾಯ, ಜೇನುತುಪ್ಪ ಮಾತ್ರ ಹೇಳಬೇಡಿ, ಅವೆಲ್ಲ ಆಗಿದೆ.